ಘಟ್ಟದಿಂದ ಬಂದರಿಗೆ: ನಗಿರೆಯ ನಾಡಿನಲ್ಲಿ ಒಂದು ದಿನ

ವಿಜಯಪುರದಿಂದ ದಕ್ಷಿಣಕ್ಕೆ ಬರುವ ಹೆದ್ದಾರಿಯು ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟುತ್ತದೆ. ಹಿಂದೆ 218 ಎಂಬ ಸಂಖ್ಯೆಯಿಂದ ಪರಿಚಿತವಾಗಿದ್ದ, ಈಗ 52 ಎನಿಸಿಕೊಂಡಿರುವ ಈ ಮಾರ್ಗ ಹುಬ್ಬಳ್ಳಿ, ಯಲ್ಲಾಪುರಗಳ ಮೂಲಕ ಘಟ್ಟವಿಳಿದು ಅಂಕೋಲೆಯಲ್ಲಿ ಕಡಲತೀರವನ್ನು ಸೇರುತ್ತದೆ. ಸೇತುವೆಯ ಬಳಿ ಬಸ್ಸು ನಿಂತಾಗ ಕೊಲ್ಹಾರದ ಗಟ್ಟಿ ಮೊಸರನ್ನು ಕೊಳ್ಳುವ ಪ್ರಯಾಣಿಕರಲ್ಲಿ, ಈ ದಾರಿಯ ಇನ್ನೊಂದು ತುದಿಯಲ್ಲಿ ಸಮುದ್ರವಿದೆಯೆಂದು ಎಣಿಸುವವರು ಕಡಿಮೆ. ಆದರೆ ಊರೊಂದು ಹೇಗೆ ಕಳೆದುಹೋಗುತ್ತದೆ ಎಂಬುದನ್ನು ಕೊಲ್ಹಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಆಲಮಟ್ಟಿಯಲ್ಲಿ ಶಂಕುಸ್ಥಾಪನೆಯಾದ ಅಣೆಕಟ್ಟಿನ ಹಿನ್ನೀರು ಕಾಲಕ್ರಮದಲ್ಲಿ ಹಳೆಯ ಊರನ್ನು ಆವರಿಸಿತು. ಜನರು ಮನೆಯ ತೊಲೆ, ಬಾಗಿಲು, ಬೀಸುವ ಕಲ್ಲು, ದೇವರು ಎಲ್ಲವನ್ನೂ ಎತ್ತಿಕೊಂಡು ಎತ್ತರದ ನೆಲಕ್ಕೆ ಬಂದರು. ಹೊರುವುದೇನು, ಬಿಡುವುದೇನು ಎಂಬ ಲೆಕ್ಕವನ್ನು ಒಂದು ಇಡೀ ಪೀಳಿಗೆ ತನ್ನ ಅಂಗಳದಲ್ಲಿ ನಿಂತು ಮಾಡಿತು.

ಅಂತಹ ಲೆಕ್ಕವನ್ನು ಮಾಡಲು ಅವಕಾಶವೇ ಸಿಗದೆ ಬರಿದಾದ ಒಂದು ಜೈನ ರಾಜಧಾನಿ ಶರಾವತಿಯ ದಡದಲ್ಲಿದೆ. ಅದರ ಹೆಸರು ಗೇರುಸೊಪ್ಪೆ. ಶಾಸನಗಳಲ್ಲಿ ನಗಿರೆ, ಕ್ಷೇಮಪುರ, ಭಲ್ಲಾತಕೀಪುರ ಎಂಬ ಹೆಸರುಗಳೂ ಅದಕ್ಕಿವೆ. ಅದರ ಮೇಲಕ್ಕೆ ಘಟ್ಟದ ಹಳ್ಳಿಗಳು, ಕೆಳಕ್ಕೆ ಹೊನ್ನಾವರ ಮತ್ತು ಭಟಕಳದ ಬಂದರುಗಳು. ಈ ಮೂರನ್ನೂ ಬೆಳಗಿನಿಂದ ಸಂಜೆಯೊಳಗೆ ನೋಡಿ ಮುಗಿಸಬಹುದು. ಜೋಗದ ಜಲಪಾತವನ್ನು ನೋಡಲು ಬರುವ ತಂಡಗಳು ಉಳಿದ ಅರ್ಧ ಗಂಟೆಯಲ್ಲಿ ಚತುರ್ಮುಖ ಬಸದಿಗೆ ಇಣುಕಿ ಹೋಗುವುದು ವಾಡಿಕೆಯಾಗಿದೆ. ಅದು ದರ್ಶನವಾಗಬಹುದು, ತಿಳಿವಳಿಕೆಯಾಗದು. ಈ ನಾಡನ್ನು ಅರಿಯಬೇಕಾದರೆ ಮೆಣಸು ಇಳಿದ ದಾರಿಯಲ್ಲಿಯೇ ಇಳಿಯಬೇಕು.

ಉತ್ತರದಿಂದ ಬರುವವರು ಹುಬ್ಬಳ್ಳಿಯಿಂದ ಶಿರಸಿಯ ಮೂಲಕ ಸಿದ್ದಾಪುರಕ್ಕೆ ಹಿಂದಿನ ರಾತ್ರಿಯೇ ಬಂದು ತಂಗುವುದು ಅನುಕೂಲ. ಬೆಳಗಿನ ಮೊದಲ ನಿಲುಗಡೆ ಬಿಳಗಿ. ಕೃಷ್ಣೆಯ ಆಚೆ ದಡದ ಬೀಳಗಿಯೊಡನೆ ಇದನ್ನು ಗೊಂದಲಿಸಿಕೊಳ್ಳಬಾರದು. ಎರಡು ಹೆಸರುಗಳ ನಡುವೆ ಒಂದು ದೀರ್ಘದ ಅಂತರ ಮಾತ್ರವಿದ್ದರೂ ಆ ಬಯಲುಸೀಮೆಗೂ ಈ ಅಡಕೆಯ ಸೀಮೆಗೂ ಹೋಲಿಕೆಯೇ ಇಲ್ಲ. ಸಂಸ್ಕೃತದಲ್ಲಿ ಶ್ವೇತಪುರವೆನಿಸಿಕೊಂಡ ಈ ಊರಿನಲ್ಲಿ ಜೈನ ಅರಸರ ಮನೆತನವೊಂದು ಆಳಿತು. ಇಲ್ಲಿಯ ರತ್ನತ್ರಯ ಬಸದಿ ಅವರ ಕಾಲದ್ದು. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳನ್ನು ಹೆಸರಿನಲ್ಲಿಯೇ ಧರಿಸಿರುವ ಈ ಬಸದಿಯ ಶಿಲೆ ಮಳೆಗಾಲದ ಪಾಚಿಯಿಂದ ಕಪ್ಪಾಗಿದೆ. ಕೆತ್ತನೆ ಮಾತ್ರ ಮಸುಕಾಗಿಲ್ಲ.

ಬಿಳಗಿಯ ಸುತ್ತಲಿನ ತೋಟಗಳಲ್ಲಿ ಅಡಕೆಯ ಮರವನ್ನು ತಬ್ಬಿ ಬೆಳೆದ ಮೆಣಸಿನ ಬಳ್ಳಿಯನ್ನು ಬಯಲುಸೀಮೆಯ ಮಕ್ಕಳು ಹತ್ತಿರದಿಂದ ನೋಡಲಿ. ಈ ಬಳ್ಳಿಗೆ ಪ್ರತ್ಯೇಕ ನೆಲ ಬೇಡ. ಮತ್ತೊಂದು ಮರದ ಆಸರೆ ಸಾಕು. ಚಳಿಗಾಲದ ಕೊನೆಯಿಂದ ಬೇಸಿಗೆಯ ಆರಂಭದವರೆಗೆ ಏಣಿ ಹಾಕಿ ಗೊಂಚಲುಗಳನ್ನು ಕೊಯ್ಯುತ್ತಾರೆ. ಹಸಿರಾಗಿರುವ ಕಾಳು ಬಿಸಿಲಿನಲ್ಲಿ ಒಣಗಿದಂತೆ ಸುಕ್ಕುಗಟ್ಟಿ ಕಪ್ಪಾಗುತ್ತದೆ. ಹಗುರವಾದ, ಕೆಡದ, ಎಷ್ಟು ದೂರ ಹೋದರೂ ಬೆಲೆ ಏರುವ ಸರಕು ಇದು. ಎತ್ತಿನ ಬೆನ್ನಿಗೆ ಹೇರಿ ಘಟ್ಟದ ಇಳಿಜಾರಿನಲ್ಲಿ ಗೇರುಸೊಪ್ಪೆಗೆ, ಅಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ, ಹೊನ್ನಾವರದಿಂದ ಹಡಗಿನಲ್ಲಿ ಅರಬಸ್ಥಾನಕ್ಕೂ ಯೂರೋಪಿಗೂ ಅದು ಹೋಗುತ್ತಿತ್ತು. ಘಟ್ಟದ ಮೇಲಿನ ತೋಟ, ಘಟ್ಟದ ಬುಡದ ಪೇಟೆ, ಹೊಳೆ, ಅಳಿವೆ ಎಂಬ ಈ ಸರಪಣಿಯಲ್ಲಿ ಒಂದು ಕೊಂಡಿಯನ್ನು ಹಿಡಿದವನಿಗೆ ಉಳಿದವುಗಳ ಮೇಲೆಯೂ ಕಣ್ಣು ಬೀಳುತ್ತಿತ್ತು. ಈ ಪ್ರದೇಶದ ಎರಡು ಶತಮಾನಗಳ ರಾಜಕೀಯವೆಲ್ಲ ಇಷ್ಟರಲ್ಲಿಯೇ ಅಡಗಿದೆಯೆಂದರೂ ತಪ್ಪಾಗದು.

ಮಾವಿನಗುಂಡಿಯಿಂದ ರಸ್ತೆ ಮಲೆಮನೆ ಘಟ್ಟವನ್ನು ಇಳಿಯುತ್ತದೆ. ತಿರುವುಗಳಲ್ಲಿ ಎಡಬಲಗಳೆರಡರಲ್ಲೂ ಕಾಡು. ಈ ಕಣಿವೆಯನ್ನು ಸರ್ಕಾರ 2019ರಲ್ಲಿ ಸಿಂಗಳೀಕಗಳ ಅಭಯಾರಣ್ಯವಾಗಿ ಘೋಷಿಸಿತು. ಒಂದು ಕಾಲಕ್ಕೆ ಹೇರೆತ್ತುಗಳ ಕೊರಳಗಂಟೆ ಕೇಳುತ್ತಿದ್ದ ಇಳಿಜಾರು ಈಗ ಪಶ್ಚಿಮಘಟ್ಟದಲ್ಲಿ ಮಾತ್ರ ಉಳಿದಿರುವ ಒಂದು ವಾನರ ಜಾತಿಯ ಆಶ್ರಯವಾಗಿದೆ. ಈ ಕಾಡಿನ ಒಳಗೆ, ಶರಾವತಿಯ ಕಣಿವೆಯ ಮೇಲ್ಭಾಗದಲ್ಲಿ, ಕಾನೂರು ಕೋಟೆಯ ಅವಶೇಷಗಳಿವೆ. ಅದು ಒಂದು ದಿನದ ಪ್ರವಾಸಕ್ಕೆ ನಿಲುಕುವ ಸ್ಥಳವಲ್ಲ. ಆದರೆ ಘಟ್ಟದ ನೆತ್ತಿಯಲ್ಲಿ ಕೋಟೆ, ಬುಡದಲ್ಲಿ ರಾಜಧಾನಿ ಎಂಬ ವಿನ್ಯಾಸವನ್ನು ಮಾರ್ಗದರ್ಶಕರು ತಿರುವಿನಲ್ಲಿ ನಿಲ್ಲಿಸಿ ಕೈತೋರಿಸಿ ವಿವರಿಸಿದರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ಗೇರುಸೊಪ್ಪೆಯಲ್ಲಿ ನೋಡಬೇಕಾದುದು ನಗರಬಸ್ತಿಕೇರಿ. ಹೆಸರಿನಲ್ಲಿ ನಗರವೂ ಇದೆ, ಬಸ್ತಿಯೂ ಇದೆ, ಕೇರಿಯೂ ಇದೆ. ಕಣ್ಣಿಗೆ ಕಾಣುವುದು ಕಾಡು. ಮರಗಳ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಿನಿಂದ ಒಳಹೊಕ್ಕರೂ ಎದುರಿಗೆ ಜಿನಬಿಂಬ. ಸಮವಸರಣದಲ್ಲಿ ಭಗವಂತನ ಮುಖ ನಾಲ್ಕೂ ಕಡೆಯವರಿಗೆ ಕಾಣುತ್ತದೆಂಬ ಆಗಮದ ಮಾತನ್ನು ಶಿಲ್ಪಿ ಕಲ್ಲಿನಲ್ಲಿ ಸಾಧಿಸಿದ್ದಾನೆ. ಇದೇ ಕಲ್ಪನೆಯನ್ನು 1586ರಲ್ಲಿ ಕಾರ್ಕಳದ ಇಮ್ಮಡಿ ಭೈರರಸನು ಗುಡ್ಡದ ಮೇಲೆ ಕಟ್ಟಿಸಿದನು. ದೂರದ ರಾಜಸ್ಥಾನದ ರಾಣಕಪುರದಲ್ಲಿ ಹದಿನೈದನೆಯ ಶತಮಾನದಲ್ಲಿಯೇ ಧರಣಾಶಾಹನೆಂಬ ಶ್ರಾವಕನು ಅಮೃತಶಿಲೆಯಲ್ಲಿ ಅದನ್ನು ಬೃಹತ್ತಾಗಿ ರೂಪಿಸಿದ್ದನು. ಕಾರ್ಕಳಕ್ಕೆ ಬಯಲಿದೆ, ರಾಣಕಪುರಕ್ಕೆ ಜನಸಂದಣಿಯಿದೆ. ಗೇರುಸೊಪ್ಪೆಯ ಬಸದಿಗಿರುವುದು ನಿಶ್ಶಬ್ದ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಇದರ ಸುತ್ತಮುತ್ತ ಪಾರ್ಶ್ವನಾಥ, ವರ್ಧಮಾನ, ನೇಮಿನಾಥ ಬಸದಿಗಳೂ ಜ್ವಾಲಾಮಾಲಿನಿಯ ಸನ್ನಿಧಿಯೂ ಇವೆ. ಅನೇಕ ಶಾಸನಗಳೂ ಉಳಿದಿವೆ.

ಇಲ್ಲಿಗೆ ಬಂದವರೆಲ್ಲರೂ ಕೇಳುವ ಹೆಸರು ಚೆನ್ನಭೈರಾದೇವಿಯದು. ಸಾಳುವ ವಂಶದ ಈ ಜೈನ ರಾಣಿಯು 1552ರಿಂದ 1606ರವರೆಗೆ ಐವತ್ತನಾಲ್ಕು ವರ್ಷ ಆಳಿದಳೆಂದು ಇತಿಹಾಸಕಾರರ ಎಣಿಕೆ. ಪೋರ್ಚುಗೀಸರು ಅವಳನ್ನು 'ರೈನಾ ದ ಪಿಮೆಂಟಾ', ಅಂದರೆ ಮೆಣಸಿನ ರಾಣಿ ಎಂದು ಕರೆದರು. 1569ರಲ್ಲಿ ಅವರು ಹೊನ್ನಾವರದ ಕೋಟೆಯನ್ನು ವಶಪಡಿಸಿಕೊಂಡರು. ಮರುವರ್ಷವೇ ಬಿಜಾಪುರದ ಆದಿಲಶಾಹನು ಗೋವೆಗೆ ಮುತ್ತಿಗೆ ಹಾಕಿದಾಗ ರಾಣಿಯು ಅವನ ಪಕ್ಷ ಸೇರಿ ಹೊನ್ನಾವರದ ಮೇಲೆ ಸೈನ್ಯ ಕಳುಹಿಸಿದಳು. ಕೊನೆಗೆ ಅವಳನ್ನು ಸೋಲಿಸಿದವರು ಕಡಲಾಚೆಯವರಲ್ಲ. ಕೆಳದಿಯ ವೆಂಕಟಪ್ಪನಾಯಕನು ಘಟ್ಟದ ಮೇಲಿನಿಂದ ಇಳಿದು ಬಂದನು. ಬಿಳಗಿಯ ಅರಸರು ಅವನೊಡನೆ ಕೂಡಿದ್ದರು. ರತ್ನತ್ರಯ ಬಸದಿಯನ್ನು ಬೆಳಿಗ್ಗೆ ನೋಡಿ ಬಂದವರಿಗೆ ಈ ಮಾತು ಕಹಿಯೆನಿಸುತ್ತದೆ, ಎನಿಸಬೇಕು. ಒಂದೇ ಜಿನನಿಗೆ ಕೈಮುಗಿಯುತ್ತಿದ್ದ ಎರಡು ಮನೆತನಗಳು ಮೆಣಸಿನ ದಾರಿಯ ವಿಷಯದಲ್ಲಿ ಎದುರಾಳಿಗಳಾದವು. ರಾಣಿಯು ಇಕ್ಕೇರಿಯ ಸೆರೆಯಲ್ಲಿ ತೀರಿಕೊಂಡಳೆಂದು ಹೇಳುತ್ತಾರೆ. 2025ರಲ್ಲಿ ಭಾರತೀಯ ಅಂಚೆಯು ಅವಳ ನೆನಪಿಗೆ ಅಂಚೆಚೀಟಿಯನ್ನು ಹೊರತಂದುದು ಉಚಿತವೇ ಆಗಿದೆ.

ಆದರೆ ಮಾರ್ಗದರ್ಶಕರ ಬಾಯಲ್ಲಿ ನಗಿರೆಯ ಕಥೆ ರಾಣಿಯಲ್ಲಿ ಆರಂಭವಾಗಿ ರಾಣಿಯಲ್ಲಿಯೇ ಮುಗಿದುಬಿಡುತ್ತದೆ. ನಡುನಡುವೆ ಹೂತಿಟ್ಟ ಚಿನ್ನ, ನೆಲದೊಳಗಿನ ಸುರಂಗ. ನಿಧಿಯ ಈ ಮಾತು ನಿರಪಾಯಕಾರಿಯಲ್ಲ. ಕಾಡಿನ ನಡುವಿನ ಗುಡಿಬಸದಿಗಳ ಪೀಠವನ್ನು ಅಗೆದು ಬಿಂಬವನ್ನು ಉರುಳಿಸುವ ಕೈಗಳಿಗೆ ಧೈರ್ಯ ಬರುವುದು ಇಂತಹ ಕಥೆಗಳಿಂದಲೇ. ಯಾತ್ರೆಯನ್ನು ಏರ್ಪಡಿಸುವ ಟ್ರಸ್ಟುಗಳು ಮಾರ್ಗದರ್ಶಕರಿಗೆ ಈ ಒಂದು ವಿಷಯದಲ್ಲಾದರೂ ಮೊದಲೇ ಸೂಚನೆ ಕೊಡುವುದು ಕರ್ತವ್ಯ. ನಗಿರೆಯ ವರ್ತಕರು ತಮ್ಮ ಹಣವನ್ನು ಎಲ್ಲಿಟ್ಟರೆಂಬುದನ್ನು ತಿಳಿಯಲು ನೆಲ ಅಗೆಯಬೇಕಾಗಿಲ್ಲ. ಅದನ್ನು ಅವರು ಕಲ್ಲಿನ ಮೇಲೆ ಬರೆಸಿದ್ದಾರೆ.

ಅಂಬವಣ ಶ್ರೇಷ್ಠಿಯೆಂಬ ವರ್ತಕನು ಸುಮಾರು 1560ರಲ್ಲಿ, ತನ್ನ ಹಿರಿಯರು ಕಟ್ಟಿಸಿದ ನೇಮಿನಾಥ ಚೈತ್ಯಾಲಯದ ಮುಂದೆ ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದನೆಂದು ಶಾಸನವೊಂದು ತಿಳಿಸುತ್ತದೆ. ಮಾನಸ್ತಂಭವೆಂದರೆ ಬಸದಿಯನ್ನು ಪ್ರವೇಶಿಸುವವನ ಅಹಂಕಾರವನ್ನು ಇಳಿಸುವ ಕಂಬ. ಊರಿನ ಸಿರಿವಂತನೊಬ್ಬನು ತನ್ನ ಸಿರಿಯಿಂದಲೇ ಅಂತಹುದೊಂದನ್ನು ಮಾಡಿಸಿ ದಿನವೂ ಅದರ ಮುಂದೆ ಹಾದುಹೋಗುವುದು ಸಣ್ಣ ವಿಷಯವಲ್ಲ. ಆ ಕಂಚಿನ ಕಂಬ ಇಂದು ನಗರಬಸ್ತಿಕೇರಿಯಲ್ಲಿ ಕಾಣದು. ಬರಹ ಉಳಿದಿದೆ.

ಇದಕ್ಕಿಂತಲೂ ಹೆಚ್ಚು ಗಮನಾರ್ಹವಾದುದು ಗೇರುಸೊಪ್ಪೆಯವರು ತಮ್ಮ ಊರಿನ ಹೊರಗೆ ಮಾಡಿದ ಕಾರ್ಯ. ಅದರ ದಾಖಲೆ ಶ್ರವಣಬೆಳಗೊಳದಲ್ಲಿದೆ. 1412ರಲ್ಲಿ ಗೇರುಸೊಪ್ಪೆಯ ಹಿರಿಯ ಅಯ್ಯನ ಶಿಷ್ಯನಾದ ಗುಮ್ಮಟಣ್ಣನು ಬೆಳಗೊಳಕ್ಕೆ ಬಂದು, ಚಿಕ್ಕಬೆಟ್ಟದ ಬಸದಿಯನ್ನೂ ಮಂಗಾಯಿ ಬಸದಿಯನ್ನೂ ಇತರ ಬಸದಿಗಳನ್ನೂ ಜೀರ್ಣೋದ್ಧಾರ ಮಾಡಿಸಿದನು. ಹೊಸ ಬಸದಿಯನ್ನು ಕಟ್ಟಿಸಿದ್ದರೆ ಅವನ ಹೆಸರು ಇನ್ನಷ್ಟು ಮೆರೆಯುತ್ತಿತ್ತೇನೋ. ಅವನು ಬೇರೆಯವರು ಕಟ್ಟಿಸಿದ್ದನ್ನು ದುರಸ್ತಿ ಮಾಡಿಸಿದನು.

ಅದೇ ಬೆಳಗೊಳದಲ್ಲಿ 1539ರ ಕಾಲದ ಕೆಲವು ಸಣ್ಣ ಶಾಸನಗಳಿವೆ. ಅರಸರ ಬಿರುದುಗಳಿಲ್ಲದ, ಕಾವ್ಯದ ಸೊಬಗಿಲ್ಲದ ಬರಹಗಳು ಇವು. ಸಾಲದಲ್ಲಿ ಸಿಲುಕಿ ತಮ್ಮ ಭೂಮಿಯನ್ನು ಅಡವಿಟ್ಟಿದ್ದ ಕೆಲವರನ್ನು ಗೇರುಸೊಪ್ಪೆಯ ಚೌಡಿಸೆಟ್ಟಿಯು ಆ ಅಡವಿನಿಂದ ಬಿಡಿಸಿದನು. ಅದಕ್ಕೆ ಪ್ರತಿಯಾಗಿ ಅವರು ಒಪ್ಪಿಕೊಂಡದ್ದು ಸೆಟ್ಟಿಗೆ ಯಾವುದೋ ಲಾಭವನ್ನು ಸಲ್ಲಿಸುವುದನ್ನಲ್ಲ. ಮುನಿಗಳ ಒಂದು ತಂಡಕ್ಕೆ ಆಹಾರದಾನ, ತ್ಯಾಗದ ಬ್ರಹ್ಮನಿಗೆ ಹೂವು, ಅಕ್ಕಿ ಮೊದಲಾದ ಸೇವೆಯನ್ನು ನಡೆಸಿಕೊಂಡು ಬರುವುದನ್ನು. ಒಂದೇ ಕ್ರಿಯೆಯಲ್ಲಿ ಮೂರು ಫಲ ಸಂಭವಿಸಿತು. ಕೃಷಿಕನಿಗೆ ಹೊಲ ಮರಳಿತು, ಮುನಿಸಂಘಕ್ಕೆ ಅನ್ನ ದೊರೆಯಿತು, ಕೈಯೆತ್ತಿ ಪಡೆದವನೇ ಕೈಯಿಳಿಸಿ ಕೊಡುವವನಾದನು. ಉಪಕಾರ ಪಡೆದವನನ್ನು ಉಪಕಾರಿಯ ಬಾಗಿಲಲ್ಲಿ ನಿಲ್ಲಿಸದೆ ದಾನಿಯ ಸ್ಥಾನದಲ್ಲಿ ನಿಲ್ಲಿಸಿದ ಈ ಉಪಾಯ ಎಂತಹ ಸೂಕ್ಷ್ಮಬುದ್ಧಿಯದು! ಮೆಣಸಿನ ವ್ಯಾಪಾರದಲ್ಲಿ ಸಾಲ, ಮುಂಗಡ, ಅಡವುಗಳ ಕಷ್ಟವನ್ನು ದಿನನಿತ್ಯ ಕಂಡ ಊರಿನವನಿಗೆ ಮಾತ್ರ ಇದು ಹೊಳೆಯಬಹುದಾಗಿತ್ತು.

ಸುಮಾರು ಒಂದು ಶತಮಾನದ ಮೇಲೆ, 1634ರಲ್ಲಿ, ಅದೇ ಬೆಳಗೊಳದಲ್ಲಿ ಇದರ ವಿಲೋಮವಾದ ಪ್ರಸಂಗ ನಡೆಯಿತು. ದೇವಸ್ಥಾನದ ಸ್ಥಾನಿಕರೇ ದೇವರ ಭೂಮಿಯನ್ನು ವರ್ತಕರಿಗೆ ಅಡವಿಟ್ಟಿದ್ದರು. ಪೂಜೆಗೆ ಅಡಚಣೆಯಾಯಿತು. ಮೈಸೂರಿನ ಚಾಮರಾಜ ಒಡೆಯರು ಸಾಲ ಕೊಟ್ಟವರನ್ನು ಕರೆಸಿ, ಆ ಹಣವನ್ನು ತಾವು ತೀರಿಸುವುದಾಗಿ ಹೇಳಿದಾಗ, ವರ್ತಕರು ತಮ್ಮ ತಂದೆತಾಯಿಗಳ ಪುಣ್ಯಕ್ಕೆಂದು ಅಡವನ್ನು ತಾವೇ ಬಿಟ್ಟುಕೊಟ್ಟರು. ಮುಂದೆ ದೇವರ ಆಸ್ತಿಯನ್ನು ಅಡವಿಡುವುದಕ್ಕೂ ಅಡವು ಹಿಡಿಯುವುದಕ್ಕೂ ನಿಷೇಧವಾಯಿತು. ಇಂದಿನ ಟ್ರಸ್ಟುಗಳ ವಾರ್ಷಿಕ ಸಭೆಗಳಲ್ಲಿ ಜಮೀನಿನ ಪಹಣಿ, ಗೇಣಿ, ಒತ್ತುವರಿಗಳ ಚರ್ಚೆಯಲ್ಲಿ ಬೇಸತ್ತವರು ಈ ಎರಡು ದಾಖಲೆಗಳನ್ನು ಒಟ್ಟಿಗೆ ಓದಿದರೆ, ಸಮಸ್ಯೆ ಹೊಸದಲ್ಲವೆಂಬ ಸಮಾಧಾನವಾದರೂ ದೊರಕೀತು. ವ್ಯತ್ಯಾಸವಿಷ್ಟೇ: ಚೌಡಿಸೆಟ್ಟಿಯನ್ನು ಯಾವ ಅರಸನೂ ಕರೆಸಿರಲಿಲ್ಲ.

ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ರಸ್ತೆ ಬಹುದೂರ ಹೊಳೆಯ ಜೊತೆಯಲ್ಲಿಯೇ ಸಾಗುತ್ತದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ಹೊಳೆಯಲ್ಲಿ ಎದುರು ದಿಕ್ಕಿಗೆ, ಹೊನ್ನಾವರದಿಂದ ಗೇರುಸೊಪ್ಪೆಗೆ, ದೋಣಿಯಲ್ಲಿ ಬಂದನು. ವೆಂಕಟಪ್ಪನಾಯಕನನ್ನು ಕಾಣಲು ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಅವನ ಪಯಣ. ಎರಡೂ ದಡದಲ್ಲಿ ದಟ್ಟವಾದ ಮರಗಳಿರುವ ಈ ಹೊಳೆಯ ಚೆಲುವಿಗೆ ಅವನು ಮನಸೋತನು. ಗೇರುಸೊಪ್ಪೆ ಮಾತ್ರ ಆಗಲೇ ಹಾಳಾಗಿತ್ತು. ಹಿಂದೆ ಅರಮನೆ, ಪೇಟೆಗಳಿದ್ದ ಜಾಗದಲ್ಲಿ ಮರಗಿಡಗಳು ಬೆಳೆದು ಕೆಲವು ಗುಡಿಸಲುಗಳು ಮಾತ್ರ ಉಳಿದಿದ್ದವು. ರಾಣಿ ಸೋತು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಕೊಲ್ಹಾರಕ್ಕೆ ನೀರು ನೋಟೀಸು ಕೊಟ್ಟು ಬಂದಿತು, ಪರಿಹಾರದ ಪಟ್ಟಿಯೂ ಪುನರ್ವಸತಿಯ ನಿವೇಶನವೂ ಇದ್ದವು. ಅವುಗಳ ಕುಂದುಕೊರತೆ ಬೇರೆಯ ಮಾತು. ನಗಿರೆಗೆ ಬಂದದ್ದು ಮರಗಳು. ಅವುಗಳಿಗೆ ನೋಟೀಸು ಇರಲಿಲ್ಲ.

ದೆಲ್ಲಾ ವಾಲ್ಲೆ ರಾಣಿಯ ಪತನಕ್ಕೆ ಒಂದು ಕಾರಣವನ್ನೂ ಬರೆದಿಟ್ಟಿದ್ದಾನೆ. ಅವಳು ಕೀಳು ಕುಲದ ಪರಕೀಯನೊಬ್ಬನಿಗೆ ಮನಸೋತು ಅಧಿಕಾರವನ್ನು ಒಪ್ಪಿಸಿ ಕೆಟ್ಟಳಂತೆ. ಈ ಕಥೆಯನ್ನು ಅವನು ಕೇಳಿದ್ದು ಯಾವಾಗ, ಯಾರ ಕಡೆಗೆ ಪಯಣಿಸುತ್ತಿದ್ದಾಗ ಎಂಬುದನ್ನು ಗಮನಿಸಿದರೆ ಸಾಕು. ಗೆದ್ದವನ ಸೀಮೆಯಲ್ಲಿ, ಗೆದ್ದವನ ಆಸ್ಥಾನಕ್ಕೆ ಹೋಗುವ ದಾರಿಯಲ್ಲಿ ಕೇಳಿದ ಕಥೆ ಅದು. ಅರ್ಧ ಶತಮಾನ ಬಂದರುಗಳನ್ನೂ ಘಟ್ಟಗಳನ್ನೂ ಹಿಡಿದು ಆಳಿದ ಹೆಣ್ಣಿನ ಸೋಲಿಗೆ ಅವಳ ಶೀಲವನ್ನೇ ಕಾರಣ ಮಾಡುವುದು ಗೆದ್ದವರಿಗೆ ಅತ್ಯಂತ ಸುಲಭದ ದಾರಿ. ಪರಪರಿವಾದವನ್ನು ದೋಷವೆಂದು ಎಣಿಸುವವರು ಈ ಕಥೆಯನ್ನು ಪ್ರವಾಸದ ಬಸ್ಸಿನಲ್ಲಿ ಮತ್ತೆ ಹೇಳದಿರುವುದು ಲೇಸು.

ಹೊನ್ನಾವರದಲ್ಲಿ ಊಟದ ಹೊತ್ತು. ಹದಿನಾಲ್ಕನೆಯ ಶತಮಾನದ ಮಧ್ಯದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದುದನ್ನು ಕಂಡು ಬರೆದನು. ವ್ಯಾಪಾರದ ಊರಿನಲ್ಲಿ ಅಕ್ಷರಕ್ಕೆ ಬೆಲೆಯಿತ್ತು. ಶರಾವತಿಯ ಅಳಿವೆಯನ್ನು ಸೇತುವೆಯ ಮೇಲಿಂದ ನೋಡಿ ದಕ್ಷಿಣಕ್ಕೆ ಹೊರಟರೆ ಒಂದು ಗಂಟೆಯ ಸುಮಾರಿಗೆ ಭಟಕಳ.

ಭಟಕಳದ ಮುಖ್ಯ ಬೀದಿಯಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಿದೆ. ಕರಾವಳಿಯ ಮಳೆಗೆ ತಕ್ಕಂತೆ ಕಲ್ಲಿನ ಚಪ್ಪಡಿಗಳನ್ನೇ ಹುಲ್ಲುಮಾಡಿನಂತೆ ಇಳಿಜಾರಾಗಿ ಹೊದಿಸಿದ ಕಟ್ಟಡ. ಮರದ ಕೆಲಸದವನ ಜಾಣ್ಮೆಯನ್ನು ಕಲ್ಲುಕುಟಿಗನು ಕಲಿತ ರೀತಿಯನ್ನು ಇಲ್ಲಿ ನೋಡಬೇಕು. ಇದೇ ಊರಿನಲ್ಲಿ ಖೇತಪೈ ಎಂಬ ಕೊಂಕಣಿ ವರ್ತಕನು ಕಟ್ಟಿಸಿದ ನಾರಾಯಣ ದೇವಾಲಯವಿದೆ. ಅರಬ್ ವರ್ತಕರ ಸಂತತಿಯೆಂದು ಹೇಳಿಕೊಳ್ಳುವ ನವಾಯತರ ಮಸೀದಿಗಳಿವೆ. ಒಂದೇ ಬಂದರಿನ ಸುಂಕದ ಕಟ್ಟೆಯಲ್ಲಿ ನಿಂತವರು ತಮ್ಮ ತಮ್ಮ ದೇವರಿಗೆ ಪಕ್ಕಪಕ್ಕದಲ್ಲಿ ಕಲ್ಲು ಹೊರಿಸಿದರು.

ಈ ಬಂದರಿನಿಂದ ಹೊರಗೆ ಹೋಗುತ್ತಿದ್ದುದು ಅಕ್ಕಿ, ಸಕ್ಕರೆ, ಕಬ್ಬಿಣ, ಸಂಬಾರ ಪದಾರ್ಥ, ಅಳಲೆಕಾಯಿ. ಒಳಗೆ ಬರುತ್ತಿದ್ದುದರಲ್ಲಿ ಮುಖ್ಯವಾದದ್ದು ಕುದುರೆ. ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದ ಕುದುರೆಗಳು ಇಲ್ಲಿಂದ ಘಟ್ಟ ಹತ್ತಿ ವಿಜಯನಗರದ ಸೈನ್ಯವನ್ನು ಸೇರುತ್ತಿದ್ದವು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ಆಶಾಧರ ಪಂಡಿತನ 'ಸಾಗಾರಧರ್ಮಾಮೃತ' ಮೊದಲಾದ ಶ್ರಾವಕಾಚಾರ ಗ್ರಂಥಗಳು ಗೃಹಸ್ಥನು ಬಿಡಬೇಕಾದ ಹದಿನೈದು ಕ್ರೂರ ಉದ್ಯೋಗಗಳನ್ನು ಎಣಿಸುತ್ತವೆ. ಅವುಗಳಲ್ಲಿ ಕೇಶವಾಣಿಜ್ಯ, ಅಂದರೆ ಜೀವಂತ ಪ್ರಾಣಿಗಳ ಮತ್ತು ದಾಸದಾಸಿಯರ ಮಾರಾಟವೂ ಒಂದು. ಮೆಣಸಿನ ಕಾಳಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ; ಕುದುರೆಗೆ ಇದೆ. ಹಡಗಿನ ತಳದಲ್ಲಿ ನೀರಿಲ್ಲದೆ ಸತ್ತವುಗಳ ಲೆಕ್ಕವನ್ನು ಯಾರೂ ಇಟ್ಟಿರಲಾರರು. ಬಂದರು ಜೈನ ಅರಸರದು, ಸುಂಕ ಅವರ ಬೊಕ್ಕಸಕ್ಕೆ ಸಲ್ಲುವುದು. ವ್ಯಾಪಾರ ಮಾಡಿದವರು ಬೇರೆಯವರೆಂಬ ಸಮಾಧಾನ ಅವರಿಗಿದ್ದಿರಬಹುದು. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಧರ್ಮದಲ್ಲಿ ಆ ಸಮಾಧಾನ ಪೂರ್ತಿಯಾಗಿ ನಿಲ್ಲುವುದಿಲ್ಲ. ನಗಿರೆ, ಹಾಡುವಳ್ಳಿಗಳ ವೈಭವವನ್ನು ಕೊಂಡಾಡುವ ಲೇಖನಗಳು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ದಾಟಿಬಿಡುತ್ತವೆ. ಪೂರ್ವಿಕರ ದಾನವನ್ನು ಸ್ಮರಿಸುವವರು ಆ ದಾನದ ಮೂಲವನ್ನೂ ಕೇಳುವುದರಲ್ಲಿ ಅಗೌರವವೇನೂ ಇಲ್ಲ.

ಪೋರ್ಚುಗೀಸರು ಬಂದ ಮೇಲೆ ಆಯ್ಕೆಗಳೇ ಕಿರಿದಾದವು. 1502ರಲ್ಲಿ ವಾಸ್ಕೊ ಡ ಗಾಮನು ಭಟಕಳದಿಂದ ವರ್ಷವರ್ಷವೂ ಅಕ್ಕಿಯ ಕಪ್ಪವನ್ನು ನಿಗದಿ ಮಾಡಿದನು. 1542ರಲ್ಲಿ ಗವರ್ನರ್ ಮಾರ್ಟಿಮ್ ಅಫೊನ್ಸೊ ಡಿಸೋಜನು ಕಪ್ಪ ಬಾಕಿಯೆಂಬ ನೆಪದಲ್ಲಿ ಊರನ್ನು ಲೂಟಿ ಮಾಡಿ ಸುಟ್ಟನು. ಆ ಮೇಲೂ ಬಂದರು ಚೇತರಿಸಿಕೊಂಡಿತು. ಅದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಕಡಲ ಕಡೆಯಿಂದಲ್ಲ, ಕೃಷ್ಣೆಯ ಕಡೆಯಿಂದ. ಕೊಲ್ಹಾರವನ್ನು ದಾಟಿದ ಕೃಷ್ಣೆ ಮುಂದೆ ರಕ್ಕಸಗಿ, ತಂಗಡಗಿಗಳ ಬಳಿ ಹರಿಯುತ್ತದೆ. 1565ರ ಜನವರಿ 23ರಂದು ಆ ಸೀಮೆಯಲ್ಲಿ ನಡೆದ ಯುದ್ಧ, ತಾಳಿಕೋಟೆಯ ಕದನವೆಂದು ಮಕ್ಕಳು ಓದುವ ಯುದ್ಧ, ವಿಜಯನಗರವನ್ನು ಮುರಿಯಿತು. ಕುದುರೆ ಕೊಳ್ಳುವ ಮಹಾನಗರವೇ ಇಲ್ಲವಾದ ಮೇಲೆ ನೂರಾರು ಮೈಲಿಯಾಚೆಯ ಭಟಕಳದ ಕಟ್ಟೆಯಲ್ಲಿ ಕುದುರೆ ಇಳಿಸುವುದು ಯಾರಿಗಾಗಿ? ಮುದ್ದೇಬಿಹಾಳ, ತಾಳಿಕೋಟೆಗಳ ಕಡೆಯ ಯಾತ್ರಿಕರು ತಮ್ಮ ಸೀಮೆಗೂ ಈ ಬಂದರಿಗೂ ಇರುವ ಈ ನಂಟನ್ನು ಇಲ್ಲಿಯೇ ನಿಂತು ನೆನೆಯಬಹುದು.

ಬಂದರಿನ ಬಳಿ ನಿಂತಾಗ ಇನ್ನೊಂದು ವಿಷಯವೂ ನೆನಪಿಗೆ ಬರುತ್ತದೆ. ಗೃಹಸ್ಥನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಇಷ್ಟೇ ದೂರ, ಇದರಾಚೆ ಹೋಗೆನು ಎಂದು ಹತ್ತೂ ದಿಕ್ಕುಗಳಿಗೆ ಜೀವಾವಧಿ ಎಲ್ಲೆ ಹಾಕಿಕೊಳ್ಳುವುದು. ಆ ಎಲ್ಲೆಗಳನ್ನು ಗುರುತಿಸುವ ಬಗೆಯನ್ನು ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಹೇಳುವಾಗ ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಯೋಜನಗಳನ್ನು ಹೆಸರಿಸುತ್ತಾರೆ. ಬಯಲುಸೀಮೆಯ ಶ್ರಾವಕನಿಗೆ ಇವುಗಳಲ್ಲಿ ಕೆಲವು ಗ್ರಂಥದ ಶಬ್ದಗಳು. ನಗಿರೆಯ ವರ್ತಕನಿಗೆ ನಾಲ್ಕೂ ಅವನ ದಿನದ ದಾರಿಯಲ್ಲಿದ್ದವು: ಬೆಳಿಗ್ಗೆ ಬೆಟ್ಟ, ನಡುವೆ ಕಾಡು, ಮಧ್ಯಾಹ್ನ ಹೊಳೆ, ಸಂಜೆ ಸಮುದ್ರ. ಅವನ ಲಾಭ ಬೆಳೆಯುತ್ತಿದ್ದುದು ಸರಕು ಈ ನಾಲ್ಕನ್ನೂ ಮೀರಿ ಹೋದಾಗ. ಅವನ ವ್ರತ ಹೇಳುತ್ತಿದ್ದುದು ಇವುಗಳಲ್ಲೊಂದರ ಬಳಿ ನಿಲ್ಲಬೇಕೆಂದು. ಚೌಡಿಸೆಟ್ಟಿಯ ಶಾಸನವನ್ನು ಈ ಇಕ್ಕಟ್ಟಿನ ನಡುವೆ ಇಟ್ಟು ಓದಿದಾಗ ಅದರ ತೂಕ ಇನ್ನೂ ಹೆಚ್ಚುತ್ತದೆ.

ಬಿಸಿಲು ಇಳಿಯುವ ಮುನ್ನ ಭಟಕಳದಿಂದ ಮತ್ತೆ ಒಳನಾಡಿಗೆ, ಬೆಟ್ಟಗಳ ಕಡೆಗೆ ತಿರುಗಬೇಕು. ಗದ್ದೆ, ತೆಂಗು, ಅಡಕೆಗಳ ನಡುವಿನ ಸಣ್ಣ ಹಳ್ಳಿ ಹಾಡುವಳ್ಳಿ. ಸಂಸ್ಕೃತ ಪಂಡಿತರು ಇದನ್ನು ಸಂಗೀತಪುರವೆಂದು ಕರೆದರು. ನಗಿರೆಯ ಅರಸರ ಬಂಧುಗಳಾದ ಸಾಳುವರ ಇನ್ನೊಂದು ಶಾಖೆ ಇಲ್ಲಿಂದ ಆಳಿತು. ಸಾಳ್ವಮಲ್ಲನ ಆಶ್ರಯದಲ್ಲಿ ಸಾಳ್ವ ಕವಿಯು ಕನ್ನಡದಲ್ಲಿ ಜೈನ ಸಂಪ್ರದಾಯದ ಭಾರತವನ್ನು ಬರೆದನು. ಇಪ್ಪತ್ತನಾಲ್ಕು ತೀರ್ಥಂಕರರ ಬಸದಿ ಇಲ್ಲಿ ಇಂದಿಗೂ ಇದೆ. ಊರಿನಲ್ಲಿ ರಾಜಧಾನಿಯ ಕುರುಹೆಂದು ಹೇಳಬಹುದಾದುದು ಅತ್ಯಲ್ಪ.

ಈ ಹಾಡುವಳ್ಳಿಯ ಮಠದ ಅಕಲಂಕದೇವರ ಶಿಷ್ಯರು ಭಟ್ಟಾಕಲಂಕರು. ಅವರು 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ಮುಗಿಸಿದರು. ಕನ್ನಡದ ವ್ಯಾಕರಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ಅಳವಡಿಸಿ, ವೃತ್ತಿ ವ್ಯಾಖ್ಯಾನಗಳನ್ನು ತಾವೇ ಬರೆದರು. ಕನ್ನಡ ಶಾಸ್ತ್ರಕ್ಕೆ ಯೋಗ್ಯವಾದ ಭಾಷೆಯಲ್ಲವೆನ್ನುವವರಿಗೆ, ತತ್ತ್ವಾರ್ಥ ಮಹಾಶಾಸ್ತ್ರಕ್ಕೆ ತೊಂಬತ್ತಾರು ಸಾವಿರ ಗ್ರಂಥ ಪ್ರಮಾಣದ 'ಚೂಡಾಮಣಿ' ವ್ಯಾಖ್ಯಾನ ಕನ್ನಡದಲ್ಲಿತ್ತೆಂಬುದನ್ನು ಅವರು ತೋರಿಸಿಕೊಟ್ಟರು. ಕೋಟೆಗಳು ಕೈಬದಲಾಗುತ್ತಿದ್ದ, ಕೆಳದಿಯ ಸೈನ್ಯ ಘಟ್ಟದಂಚಿಗೆ ಬಂದು ನಿಂತಿದ್ದ ವರ್ಷಗಳಲ್ಲಿ ಒಬ್ಬ ಯತಿ ಕುಳಿತು ವಿಭಕ್ತಿ, ಸಂಧಿ, ಸಮಾಸಗಳನ್ನು ಬಿಡಿಸುತ್ತಿದ್ದರು. ಎರಡು ವರ್ಷದಲ್ಲಿ ನಗಿರೆಯ ರಾಜ್ಯವೇ ಇಲ್ಲವಾಯಿತು. ಓಲೆಗರಿಯಲ್ಲಿ ಉಳಿದುಬಂದ ಆ ಗ್ರಂಥವನ್ನು 1890ರಲ್ಲಿ ಬಿ. ಎಲ್. ರೈಸ್ ಅವರು ಮುದ್ರಿಸಿ ಹೊರತಂದರು.

ಹಾಡುವಳ್ಳಿಯಿಂದ ಕತ್ತಲಾಗುವ ಮೊದಲೇ ಹೊರಡುವುದು ಕ್ಷೇಮ. ಒಳರಸ್ತೆ ಕಿರಿದು, ಮಳೆಗಾಲದಲ್ಲಂತೂ ಈ ಭಾಗವನ್ನು ಯಾತ್ರೆಗೆ ಇಟ್ಟುಕೊಳ್ಳಲೇಬಾರದು. ರಾತ್ರಿಯ ಭೋಜನವನ್ನು ತ್ಯಜಿಸಿದವರು ಸಂಜೆಯ ಆಹಾರವನ್ನು ಭಟಕಳ ಬಿಡುವಾಗಲೇ ಕಟ್ಟಿಸಿಕೊಂಡಿರಬೇಕಾಗುತ್ತದೆ. ಕರಾವಳಿಯ ದಾರಿಯಲ್ಲಿ ಉತ್ತರಕ್ಕೆ ಸಾಗಿ, ಚೆನ್ನಭೈರಾದೇವಿಯ ಹೆಸರಿನೊಡನೆ ತಳಕುಹಾಕಿಕೊಂಡಿರುವ ಮಿರ್ಜಾನ ಕೋಟೆಯ ಸಮೀಪದಲ್ಲಿ ಕತ್ತಲಲ್ಲಿಯೇ ಹಾದು, ಅಂಕೋಲೆಯಲ್ಲಿ ಬಲಕ್ಕೆ ತಿರುಗಿ ಘಟ್ಟ ಹತ್ತಿದ ವಾಹನ ಬೆಳಗಿನ ಹೊತ್ತಿಗೆ ಕೊಲ್ಹಾರದ ಸೇತುವೆಯ ಮೇಲಿರುತ್ತದೆ.